ಕೌಂಟಿ ಕಚೇರಿ ಪತ್ರ ಇಟ್ಟುಕೊಳ್ಳುತ್ತದೆ, ಮನೆ ಯಾರದ್ದೆಂದು ಹೇಳುವುದಿಲ್ಲ

2008ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಕಳ್ಳತನವಾಯಿತು. ಕದ್ದವರು ಡೈಲಿ ನ್ಯೂಸ್ ಪತ್ರಿಕೆಯವರು. ಕಟ್ಟಡವನ್ನು ಸುಳ್ಳು ಕಂಪನಿಯೊಂದರ ಹೆಸರಿಗೆ ಬರೆದುಕೊಟ್ಟಂತೆ ಸುಳ್ಳು ಆಸ್ತಿ ಪತ್ರ ಬರೆದರು. ಸಾಕ್ಷಿಯ ಜಾಗದಲ್ಲಿ ಹಳೆಯ ಕಿಂಗ್ ಕಾಂಗ್ ಸಿನಿಮಾದ ನಾಯಕಿ ಫೇ ರೇ ಹೆಸರು ಹಾಕಿದರು. ನೋಟರಿ ಜಾಗದಲ್ಲಿ ಬ್ಯಾಂಕ್ ದರೋಡೆಗೆ ಹೆಸರಾದ ವಿಲ್ಲಿ ಸಟನ್. ನೋಂದಣಿ ಕಚೇರಿ ಸುಮಾರು ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿಕೊಟ್ಟಿತು! ಪತ್ರಿಕೆಯವರು ಕಟ್ಟಡವನ್ನು ಮರುದಿನವೇ ವಾಪಸ್ ಮಾಡಿ, ನಡೆದದ್ದನ್ನು ಸುದ್ದಿ ಮಾಡಿದರು.

ಓದಿದವರು ಗುಮಾಸ್ತನನ್ನು ಬೈಯಬಹುದು. ಆದರೆ ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ. ಅಮೆರಿಕದಲ್ಲಿ ಆಸ್ತಿ ಪತ್ರಗಳನ್ನು ದಾಖಲಿಸುವುದು ಹೆಚ್ಚಿನ ಕಡೆ ಕೌಂಟಿ ಕಚೇರಿ. ಕೌಂಟಿ ಎಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ಸಹಿ ಇದೆಯಾ, ನೋಟರಿ ಮುದ್ರೆ ಇದೆಯಾ, ಆಸ್ತಿಯ ವಿವರ ಬರೆದಿದೆಯಾ, ಅಂಚು ಬಿಟ್ಟಿದ್ದಾರಾ, ಫೀ ಮತ್ತು ತೆರಿಗೆ ಕಟ್ಟಿದ್ದಾರಾ, ಇಷ್ಟನ್ನು ಅಲ್ಲಿ ನೋಡುತ್ತಾರೆ. ಎಲ್ಲ ಸರಿ ಇದ್ದರೆ ದಿನಾಂಕ, ಸಮಯ, ದಾಖಲೆ ಸಂಖ್ಯೆ ಒತ್ತುತ್ತಾರೆ. ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎಂದು ಕಾನೂನೂ ಹೇಳಿಲ್ಲ.

ಇದರ ಬೇರು 1640ರಲ್ಲಿದೆ. ಆಗಿನ್ನೂ ಅಮೆರಿಕ ಎಂಬ ದೇಶವೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಜಮೀನು ಮಾರುವವನು ಹೊಲಕ್ಕೆ ಕರೆದುಕೊಂಡು ಹೋಗಿ, ನೆರೆಯವರ ಎದುರು ಒಂದು ಹಿಡಿ ಮಣ್ಣನ್ನು ಕೊಂಡವನ ಕೈಗಿಡುವ ಪದ್ಧತಿ ಇತ್ತು. ಊರಿಗೆ ಊರೇ ಹೊಸಬರಿಂದ ತುಂಬಿದ್ದ ವಲಸೆ ನಾಡಿನಲ್ಲಿ ಇದು ಹೇಗೆ ನಡೆದೀತು? ಯಾರ ಜಮೀನು ಎಲ್ಲಿಯವರೆಗೆ ಎಂದು ಬಲ್ಲ ಹಿರಿಯರೇ ಅಲ್ಲಿರಲಿಲ್ಲ. ಒಂದೇ ಜಮೀನನ್ನು ಇಬ್ಬರಿಗೆ ಮಾರುವುದು ಸುಲಭವಾಗಿತ್ತು. ಹಾಗಾಗಿ ಮ್ಯಾಸಚೂಸೆಟ್ಸ್ ಬೇ ವಸಾಹತು ಒಂದು ನಿಯಮ ತಂದಿತು. ಮಾರಾಟವಾಗಲಿ ಅಡಮಾನವಾಗಲಿ, ಪತ್ರವನ್ನು ದಾಖಲಿಸದಿದ್ದರೆ ಅದು ಮೂರನೆಯವರ ಮೇಲೆ ನಡೆಯುವುದಿಲ್ಲ. ಮುಂದೆ ಹುಟ್ಟಿದ ರಾಜ್ಯಗಳೂ ಇದನ್ನೇ ತಮಗೆ ಬೇಕಾದಂತೆ ತಿದ್ದಿಕೊಂಡವು. ಈಗಲೂ ನಾರ್ತ್ ಕ್ಯಾರೊಲಿನಾದಲ್ಲಿ ಮೊದಲು ಕಚೇರಿ ಮುಟ್ಟಿದವನೇ ಗೆದ್ದ. ಕ್ಯಾಲಿಫೋರ್ನಿಯಾ ತರಹದ ರಾಜ್ಯಗಳಲ್ಲಿ ಮೊದಲು ಮುಟ್ಟಿದರಷ್ಟೇ ಸಾಲದು, ಹಿಂದಿನ ಮಾರಾಟದ ಸುಳಿವೂ ಅವನಿಗೆ ಇರಬಾರದು.

ಅಂದರೆ ಈ ಏರ್ಪಾಟು ಮಾಡಿದ್ದೇ ನಾಲ್ಕು ಜನಕ್ಕೆ ತಿಳಿಯುವಂತೆ ಮಾಡಲು. ಮಾಲೀಕ ಯಾರು ಎಂದು ತೀರ್ಮಾನಿಸುವ ತಲೆನೋವನ್ನು ಸರ್ಕಾರ ಕೊಳ್ಳುವವನಿಗೇ ಬಿಟ್ಟಿತು.

ಆ ತಲೆನೋವು ಸಣ್ಣದೇನಲ್ಲ. ಹೆಚ್ಚಿನ ಕೌಂಟಿಗಳಲ್ಲಿ ಸೂಚಿ ಪುಸ್ತಕ ಇರುವುದು ಜನರ ಹೆಸರಿನ ಮೇಲೆ, ಸೈಟಿನ ಮೇಲಲ್ಲ. ಮಾರಿದವರದು ಒಂದು ಸೂಚಿ, ಕೊಂಡವರದು ಇನ್ನೊಂದು. ಈಗ ಮಾರುತ್ತಿರುವವನ ಹೆಸರನ್ನು ಮೊದಲು ಕೊಂಡವರ ಸೂಚಿಯಲ್ಲಿ ಹುಡುಕಬೇಕು. ಅವನು ಯಾರಿಂದ ಕೊಂಡ ಎಂದು ಸಿಗುತ್ತದೆ. ಆಮೇಲೆ ಆ ಮನುಷ್ಯ ಯಾರಿಂದ ಕೊಂಡ ಎಂದು ನೋಡಬೇಕು. ಹೀಗೆ ನಲವತ್ತು, ಐವತ್ತು, ಕೆಲವೊಮ್ಮೆ ಇನ್ನೂ ಜಾಸ್ತಿ ವರ್ಷ ಹಿಂದಕ್ಕೆ ಹೋಗಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಈಗ ಮಾರಿದವರ ಸೂಚಿ ಹಿಡಿದು ಮುಂದಕ್ಕೆ ಬರಬೇಕು. ಪ್ರತಿ ಮಾಲೀಕ ತನ್ನ ಕಾಲದಲ್ಲಿ ಮನೆಯನ್ನು ಅಡ ಇಟ್ಟನೇ, ಆ ಸಾಲ ತೀರಿದ ಪತ್ರ ದಾಖಲಾಗಿದೆಯೇ, ಅರ್ಧ ಪಾಲು ಯಾರಿಗಾದರೂ ಬರೆದುಕೊಟ್ಟನೇ ಎಂದೆಲ್ಲ ನೋಡಬೇಕು. ನಡುವೆ ಒಂದು ಪತ್ರ ದಾಖಲಾಗದಿದ್ದರೆ ಸರಪಳಿ ಅಲ್ಲಿಗೇ ಕಡಿಯಿತು. ಹೆಸರಿನ ಒಂದಕ್ಷರ ತಪ್ಪಿದ್ದರೂ ಪತ್ರ ಕಣ್ಣಿಗೇ ಬೀಳದೆ ಹೋಗಬಹುದು. ಮದುವೆಯಾಗಿ ಹೆಸರು ಬದಲಿಸಿಕೊಂಡವರ ಪತ್ರ ಹುಡುಕುವುದಂತೂ ದೇವರಿಗೇ ಪ್ರೀತಿ. ಸಾವಿನ ನಂತರ ಕೈ ಬದಲಾದ ಆಸ್ತಿಯ ಕಾಗದ ಎಷ್ಟೋ ಸಲ ಇಲ್ಲಿರುವುದೇ ಇಲ್ಲ, ಕೋರ್ಟಿನಲ್ಲಿರುತ್ತದೆ.

ಇಷ್ಟು ಕೆಲಸ ಇದ್ದ ಕಡೆ ಅದನ್ನು ದುಡ್ಡಿಗೆ ಮಾಡಿಕೊಡುವವರು ಹುಟ್ಟುವುದು ಸಹಜ ತಾನೇ? ಕೌಂಟಿ ಪುಸ್ತಕಗಳಿಂದ ತಮ್ಮದೇ ನಕಲು ಮತ್ತು ಸೂಚಿ ಬರೆದಿಟ್ಟುಕೊಳ್ಳುವ ಖಾಸಗಿ ಕಂಪನಿಗಳು ಹುಟ್ಟಿದವು. ಅವುಗಳ ಬೆಲೆ ಗೊತ್ತಾದದ್ದು 1871ರ ಅಕ್ಟೋಬರ್‌ನಲ್ಲಿ, ಚಿಕಾಗೋ ಸುಟ್ಟಾಗ. ಬೆಂಕಿ ಕೋರ್ಟ್ ಕಟ್ಟಡವನ್ನು ನುಂಗಿತು. ಕುಕ್ ಕೌಂಟಿಯ ಭೂದಾಖಲೆ ಪೂರ್ತಿ ಬೂದಿಯಾಯಿತು. ದೊಡ್ಡ ನಗರವೊಂದರಲ್ಲಿ ಯಾವ ನಿವೇಶನ ಯಾರದ್ದು ಎಂದು ತೋರಿಸಲು ಸರ್ಕಾರದ ಹತ್ತಿರ ಒಂದು ಹಾಳೆಯೂ ಉಳಿಯಲಿಲ್ಲ. ಆದರೆ ಮೂರು ಖಾಸಗಿ ಕಂಪನಿಗಳ ನೌಕರರು ಬೆಂಕಿಯ ನಡುವೆಯೇ ತಮ್ಮ ಪುಸ್ತಕಗಳಲ್ಲಿ ಕೈಗೆ ಸಿಕ್ಕಷ್ಟನ್ನು ಹೊರಗೆ ಸಾಗಿಸಿದ್ದರು. ಯಾರೊಬ್ಬರ ಬಳಿಯೂ ಪೂರ್ತಿ ಸೆಟ್ ಉಳಿದಿರಲಿಲ್ಲ. ಮೂರನ್ನೂ ಒಟ್ಟಿಗೆ ಇಟ್ಟಾಗ ಊರಿನ ಆಸ್ತಿಗಳ ಕಥೆ ಮತ್ತೆ ಕೂಡಿಬಂತು. ಮರುವರ್ಷ ಇಲಿನಾಯ್ ಶಾಸನಸಭೆ ಸುಟ್ಟ ದಾಖಲೆಗಳಿಗೆಂದೇ ಕಾಯ್ದೆ ಮಾಡಿ, ಈ ಖಾಸಗಿ ನಕಲುಗಳನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಒಪ್ಪಿತು. ಇಂದಿನ ಚಿಕಾಗೋ ಟೈಟಲ್ ಕಂಪನಿಯ ಬೇರು ಆ ಮೂರು ಅಂಗಡಿಗಳಲ್ಲೇ ಇದೆ. ಸರ್ಕಾರದ ದಾಖಲೆಯನ್ನು ವ್ಯಾಪಾರಿಗಳ ಪುಸ್ತಕ ಉಳಿಸಿತು ಎನ್ನುವುದು ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಇರುಸುಮುರುಸು.

ಹುಡುಕುವವರು ತಪ್ಪು ಮಾಡಿದರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪೆನ್ಸಿಲ್ವೇನಿಯಾದಲ್ಲಿ. 1868ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸು ಬಂತು. ಆಸ್ತಿಯ ಮೇಲೆ ಹಳೆಯ ಕೋರ್ಟ್ ತೀರ್ಪಿನ ಸಾಲದ ಹೊರೆ ಇತ್ತು. ಪತ್ರ ನೋಡಿದವನು ವಕೀಲರ ಸಲಹೆ ನಂಬಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೊಂಡವನಿಗೆ ನಷ್ಟವಾಯಿತು. ಪತ್ರ ನೋಡಿದವನು ನಿರ್ಲಕ್ಷ್ಯ ಮಾಡಿಲ್ಲ, ಹಾಗಾಗಿ ನಷ್ಟ ತುಂಬಿಕೊಡಬೇಕಿಲ್ಲ ಎಂದಿತು ಕೋರ್ಟ್. ಕೊಳ್ಳುವವರಿಗೆ ದಿಗಿಲಾಯಿತು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಟೈಟಲ್ ಇನ್ಶೂರೆನ್ಸ್, ಅಂದರೆ ಆಸ್ತಿಯ ಮಾಲೀಕತ್ವಕ್ಕೆ ವಿಮೆ ಕೊಡುವ ಕಂಪನಿ ಶುರುವಾಯಿತು. ಉಳಿದ ವಿಮೆಗಳು ಮುಂದೆ ಆಗುವ ಅನಾಹುತಕ್ಕೆ. ಇದು ಆಗಲೇ ಆಗಿಹೋಗಿರುವ, ಇನ್ನೂ ಗೊತ್ತಾಗದ ಎಡವಟ್ಟಿಗೆ. ಪ್ರೀಮಿಯಂ ಒಂದೇ ಸಲ.

ಬೇರೆ ದಾರಿ ಇರಲಿಲ್ಲ ಅಂತೇನಲ್ಲ. 1858ರಲ್ಲೇ ಸೌತ್ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಹೊಸ ಪದ್ಧತಿ ಜಾರಿಗೆ ತಂದಿದ್ದ. ಅದರಲ್ಲಿ ಸರ್ಕಾರವೇ ಮಾಲೀಕ ಇವನು ಎಂದು ಬರೆದುಕೊಡುತ್ತದೆ, ತಪ್ಪಾದರೆ ಪರಿಹಾರವನ್ನೂ ಕೊಡುತ್ತದೆ. ಬೆಂಕಿಯಲ್ಲಿ ಬೆಂದ ಚಿಕಾಗೋ ಇದಕ್ಕೆ ಒಲಿಯಿತು. 1897ರಲ್ಲಿ ಇಲಿನಾಯ್ ಕಾಯ್ದೆ ಬಂತು, ಕುಕ್ ಕೌಂಟಿ ಒಪ್ಪಿಕೊಂಡಿತು. ಆದರೆ ಸೇರುವುದು ಕಡ್ಡಾಯವಾಗಿರಲಿಲ್ಲ, ಮೊದಲ ಸಲ ಸೇರಲು ಕೋರ್ಟಿಗೆ ಹೋಗಬೇಕಿತ್ತು, ಖರ್ಚೂ ಇತ್ತು. ವಿಮಾ ಕಂಪನಿಗಳು ಸುಮ್ಮನೆ ಕೂರುತ್ತವೆಯೇ? 1990ರ ದಶಕದಲ್ಲಿ ಕುಕ್ ಕೌಂಟಿ ಅದನ್ನು ಕೈಬಿಟ್ಟಿತು. ಮಿನ್ನೆಸೋಟಾ, ಮ್ಯಾಸಚೂಸೆಟ್ಸ್, ಹವಾಯಿಗಳಲ್ಲಿ ಇನ್ನೂ ಉಳಿದಿದೆ.

ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವ ಕಚೇರಿಯಲ್ಲಿ ಕೊಳಕೂ ಸೇರಿಕೊಳ್ಳುತ್ತದೆ. ಈ ಮನೆಯನ್ನು ಕರಿಯರಿಗೆ ಮಾರಕೂಡದು ಎಂಬ ಷರತ್ತುಗಳು ಸಾವಿರಾರು ಪತ್ರಗಳಲ್ಲಿ ದಾಖಲಾದವು. ಕೋರ್ಟುಗಳು ಇವನ್ನು ಜಾರಿ ಮಾಡಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು. ಆದರೂ ಹಳೆಯ ಪತ್ರ ಬಿಚ್ಚಿದರೆ ಆ ಸಾಲುಗಳು ಹಾಗೇ ಇವೆ.

1995ರಲ್ಲಿ ಬ್ಯಾಂಕುಗಳು ಇನ್ನೊಂದು ಉಪಾಯ ಹುಡುಕಿದವು. ಗೃಹಸಾಲವನ್ನು ಒಬ್ಬರಿಂದೊಬ್ಬರು ಕೊಂಡಾಗಲೆಲ್ಲ ಕೌಂಟಿಗೆ ಫೀ ಕಟ್ಟುವುದು ಯಾಕೆ ಎಂದು ಮರ್ಸ್ ಎಂಬ ಖಾಸಗಿ ನೋಂದಣಿ ವ್ಯವಸ್ಥೆ ಕಟ್ಟಿದವು. ಕೌಂಟಿ ಪುಸ್ತಕದಲ್ಲಿ ಮರ್ಸ್ ಹೆಸರು, ಸಾಲ ವಸೂಲಿಯ ನಿಜವಾದ ಹಕ್ಕಿರುವ ಬ್ಯಾಂಕು ಎಲ್ಲೋ. 2008ರ ಕುಸಿತದ ನಂತರ ಮನೆ ಹರಾಜಿಗೆ ಬಂದಾಗ, ಹರಾಜು ಹಾಕುವ ಹಕ್ಕು ಯಾರಿಗಿದೆ ಎಂದೇ ಕೋರ್ಟುಗಳಲ್ಲಿ ಜಗಳವಾಯಿತು.

ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಕಥೆ ಬೇರೆಯೇನಲ್ಲ. 1908ರ ಕಾಯ್ದೆಯಡಿ ನೋಂದಣಿಯಾಗುವುದು ಪತ್ರ, ಮಾಲೀಕತ್ವ ಅಲ್ಲ. ಅದಕ್ಕೇ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಮೂಲಪತ್ರ ನೋಡಿ, ವಕೀಲರ ಅಭಿಪ್ರಾಯ ಕೇಳುತ್ತೇವೆ. ಒಂದು ವ್ಯತ್ಯಾಸ ಇದೆ. ಇಲ್ಲಿ ನೋಂದಣಿಯಾಗದ ಕ್ರಯಪತ್ರಕ್ಕೆ ಬೆಲೆ ಇಲ್ಲ. ಅಲ್ಲಿ ಕೊಟ್ಟವನ, ಕೊಂಡವನ ಮಟ್ಟಿಗೆ ದಾಖಲಾಗದ ಪತ್ರವೂ ನಡೆಯುತ್ತದೆ.

ಅಮೆರಿಕದಲ್ಲಿ ಮನೆ ಕೊಳ್ಳುವ ನಮ್ಮವರು ಇಲ್ಲೊಂದು ಕಡೆ ಎಡವುತ್ತಾರೆ. ಸಾಲ ಕೊಡುವ ಬ್ಯಾಂಕು ಕೇಳುವ ಟೈಟಲ್ ಪಾಲಿಸಿ ಕಾಪಾಡುವುದು ಬ್ಯಾಂಕನ್ನು ಮಾತ್ರ. ಮಾಲೀಕನ ಪಾಲಿಸಿ ಬೇರೆ. ಅದರಲ್ಲೂ ಸಾಮಾನ್ಯ ಪಾಲಿಸಿ ಕೊಂಡ ದಿನದವರೆಗಿನ ದೋಷಕ್ಕಷ್ಟೇ. ಮುಂದೊಂದು ದಿನ ಯಾರಾದರೂ ಖೋಟಾ ಪತ್ರ ದಾಖಲಿಸಿದರೆ ಅದನ್ನೂ ಒಳಗೊಳ್ಳುವ, ಸ್ವಲ್ಪ ದುಬಾರಿಯ ಪಾಲಿಸಿ ಇದೆ, ಕೇಳಿ ಪಡೆಯಬೇಕು. ಹಲವು ಕೌಂಟಿಗಳು ನಿಮ್ಮ ಹೆಸರಲ್ಲಿ ಪತ್ರ ದಾಖಲಾದರೆ ಇಮೇಲ್ ಕಳಿಸುವ ಸೇವೆಯನ್ನು ಪುಕ್ಕಟೆಯಾಗಿ ಕೊಡುತ್ತವೆ. ಆ ಇಮೇಲ್ ಬರುವುದು ಪತ್ರ ದಾಖಲಾದ ಮೇಲೆಯೇ. ಖೋಟಾ ಪತ್ರಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ, ನಿಜ. ಆದರೆ ಅದನ್ನು ಪುಸ್ತಕದಿಂದ ಇಳಿಸಲು ಕೌಂಟಿಗೆ ಸಾಮಾನ್ಯವಾಗಿ ಅಧಿಕಾರ ಇಲ್ಲ, ಮಾಲೀಕನೇ ವಕೀಲರನ್ನು ಹಿಡಿದು ಕೋರ್ಟಿನಲ್ಲಿ ದಾವೆ ಹೂಡಬೇಕು.