ಹೊಟ್ಟೆಗೆ ಆಪರೇಷನ್ ಆಯಿತು, ಕಾಲಿಗೆ?

"ಅಷ್ಟು ದುಡ್ಡು ಕೊಟ್ಟು ಹೊಟ್ಟೆ ಕೊಯ್ಸಿಕೊಳ್ಳೋ ಬದಲು ದಿನಾ ವಾಕಿಂಗ್ ಹೋಗಬಾರದಿತ್ತಾ?" ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ನೆಂಟರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ಈ ಪ್ರಶ್ನೆ ನನಗೆ ಬೇಜಾರು ತರಿಸುತ್ತದೆ, ಯಾಕಂದ್ರೆ ಅದರಲ್ಲಿ "ನೀನು ಸೋಮಾರಿ" ಅನ್ನೋ ಮಾತು ಅಡಗಿದೆ. ತೂಕ ತುಂಬಾ ಜಾಸ್ತಿ ಆದಮೇಲೆ ಬರೀ ನಡೆದು ಮೂವತ್ತು ನಲವತ್ತು ಕೆಜಿ ಇಳಿಸಿ, ಅದನ್ನು ವರ್ಷಗಟ್ಟಲೆ ಹಾಗೇ ಉಳಿಸಿಕೊಂಡವರು ತೀರಾ ಕಡಿಮೆ. ದೇಹ ಬಿಡುವುದಿಲ್ಲ.

ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದು ನಡೆಯುತ್ತಿತ್ತು. ಅದರಲ್ಲಿ ಭಾಗವಹಿಸಿದ 14 ಜನರನ್ನು ಕೆವಿನ್ ಹಾಲ್ ಅನ್ನುವ ವಿಜ್ಞಾನಿಯ ತಂಡ ಆರು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿತು. ಫಲಿತಾಂಶ ಬಂದಿದ್ದು 2016ರಲ್ಲಿ. ಇಳಿದಿದ್ದ ತೂಕದ ಬಹುಪಾಲು ವಾಪಸ್ ಬಂದಿತ್ತು. ಅದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿತ್ತು. ಸುಮ್ಮನೆ ಮಲಗಿದ್ದಾಗ ಅವರ ದೇಹ ಎಷ್ಟು ಕ್ಯಾಲೊರಿ ಖರ್ಚು ಮಾಡಬೇಕಿತ್ತೋ ಅದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ತೂಕ ಇಳಿದ ತಕ್ಷಣ ದೇಹ ಖರ್ಚು ಬಿಗಿ ಹಿಡಿಯುತ್ತದೆ, ಹಸಿವು ಹೆಚ್ಚಿಸುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡು ಎಷ್ಟು ದಿನ ಅದರ ಜೊತೆ ಗುದ್ದಾಡೋದು?

ಆಪರೇಷನ್ ಕೈ ಹಾಕುವುದು ಈ ಹಸಿವಿಗೇ. ನಮ್ಮಲ್ಲಿ ಹೆಚ್ಚಾಗಿ ಮಾಡುವ ಸ್ಲೀವ್ ಆಪರೇಷನ್‌ನಲ್ಲಿ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಬಾಯಿಯಿಂದ ಜಠರದೊಳಗೆ ಒಂದು ಕೊಳವೆ ಇಳಿಸುತ್ತಾರೆ. ಆ ಕೊಳವೆಯ ಗುಂಟ ಸ್ಟೇಪ್ಲರ್ ಹಾಕುತ್ತಾ, ಕತ್ತರಿಸುತ್ತಾ ಮೇಲಕ್ಕೆ ಹೋಗುತ್ತಾರೆ. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹೊರಗೆ ಬರುತ್ತದೆ. ಉಳಿಯೋದು ಬಾಳೆಹಣ್ಣಿನಂಥ ಒಂದು ಸಣ್ಣ ನಳಿಗೆ. ಮೊದಮೊದಲು ಒಂದು ಇಡ್ಲಿಯನ್ನೇ ಅಗಿದು ಅಗಿದು ಅರ್ಧ ಗಂಟೆ ತಿನ್ನಬೇಕಾಗುತ್ತದೆ, ಅವಸರ ಮಾಡಿದರೆ ಎದೆ ಹಿಡಿದುಕೊಂಡ ಹಾಗಾಗಿ ವಾಂತಿಯಾಗುತ್ತದೆ.

ಜಾಗ ಕಡಿಮೆ ಆಗಿದ್ದಷ್ಟೇ ಕಾರಣ ಅಂತ ಮೊದಲು ಅಂದುಕೊಂಡಿದ್ದರು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಾಂಗಾವಾ ಜಠರದಲ್ಲಿ ಗ್ರೆಲಿನ್ ಅನ್ನುವ ಹಾರ್ಮೋನು ಪತ್ತೆ ಮಾಡಿದರು. ಮಿದುಳಿಗೆ "ಹಸಿವಾಗಿದೆ" ಅಂತ ಹೇಳುವುದು ಅದೇ. ಅದು ಜಾಸ್ತಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ, ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದೂ ಆ ಭಾಗವನ್ನೇ. ಇನ್ನೊಂದು ಕಡೆ ಊಟ ಬೇಗ ಸಣ್ಣ ಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1 ಅನ್ನುವ ಹಾರ್ಮೋನು ಏರುತ್ತದೆ, "ಸಾಕು" ಅನ್ನಿಸುತ್ತದೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ನಕಲು ಮಾಡುವುದು ಇದನ್ನೇ. ತೂಕ ಇನ್ನೂ ಸರಿಯಾಗಿ ಇಳಿಯುವ ಮೊದಲೇ ಎಷ್ಟೋ ಜನರ ಶುಗರ್ ಹತೋಟಿಗೆ ಬರುವುದಕ್ಕೂ ಊಟ ಕಡಿಮೆಯಾಗುವುದರ ಜೊತೆ ಈ ಹಾರ್ಮೋನುಗಳೂ ಕಾರಣ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನ 2007ರಲ್ಲಿ ಹೇಳಿದ್ದು ಇನ್ನೂ ದೊಡ್ಡ ವಿಷಯ: ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ.

ನಮ್ಮವರ ಲೆಕ್ಕ ಸ್ವಲ್ಪ ಬೇರೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ, 22.3, ಆದರೆ ಅಳೆದು ನೋಡಿದರೆ ಯಾಜ್ಞಿಕ್ ಅವರ ಮೈಯಲ್ಲಿ ಕೊಬ್ಬು ಶೇ 21.2, ಯುಡ್ಕಿನ್ ಅವರಲ್ಲಿ ಶೇ 9.1. ಅಷ್ಟೇ ತೂಕಕ್ಕೆ ನಮಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಅದಕ್ಕೇ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಈ ಆಪರೇಷನ್ ಪರಿಗಣಿಸಬಹುದು ಅನ್ನುತ್ತದೆ.

ಸ್ನಾಯು ಕಡಿಮೆ ಅಂದೆ ನೋಡಿ, ಅಲ್ಲೇ ನನ್ನ ಆತಂಕ ಇರುವುದು. ಆಪರೇಷನ್ ಆದಮೇಲೆ ತೂಕ ಸರಸರ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೊದಲೇ ಕಡಿಮೆ ಇರುವವರಿಗೆ ಇದು ಹೊಡೆತ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅಂತ ಡಯಟಿಷಿಯನ್ ಹೇಳುತ್ತಾರೆ, ಅನ್ನ ಸಾರು ತಿನ್ನುವ ಮನೆಯಲ್ಲಿ, ಅದೂ ಅಂಗೈಯಷ್ಟು ಊಟದಲ್ಲಿ ಅಷ್ಟು ಸಿಗೋದು ಕಷ್ಟ. ಮೊಟ್ಟೆ, ಪನೀರ್, ಮೊಸರು, ಕಾಳು ಮೊದಲು, ಅನ್ನ ಆಮೇಲೆ. ಜೊತೆಗೆ ಸ್ನಾಯುವಿಗೆ ಕೆಲಸ ಕೊಡಲೇಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡಿ ನೋಡಿ, ತೊಡೆ ನಡುಗಿದರೆ ಎಲ್ಲಿ ಕೊರತೆ ಅಂತ ಗೊತ್ತಾಗುತ್ತದೆ.

ತೂಕ ಇಳಿದರೆ ಜನ ತಾವಾಗಿಯೇ ಓಡಾಡುತ್ತಾರೆ ಅಲ್ವಾ? ಅಮೆರಿಕದ ಡೇಲ್ ಬಾಂಡ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ನೋಡಿದರು. ಆಪರೇಷನ್ ಆದವರನ್ನು ಕೇಳಿದರೆ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ವ್ಯಾಯಾಮ ಮಾಡ್ತಿದ್ದೀವಿ ಅಂದರು. ಮೈಗೆ ಕಟ್ಟಿದ ಯಂತ್ರ ಮಾತ್ರ ಹೆಚ್ಚಳವನ್ನೇ ತೋರಿಸಲಿಲ್ಲ. ಅವರು ಸುಳ್ಳು ಹೇಳಿದರು ಅಂತ ನಾನು ನಂಬುವುದಿಲ್ಲ. ಮೈ ಹಗುರಾದಾಗ ಮೆಟ್ಟಿಲು ಹತ್ತೋದು ಸುಲಭ ಆಗುತ್ತದೆ, ಜಾಸ್ತಿ ಓಡಾಡಿದ ಹಾಗೆ ಅನಿಸಿಬಿಡುತ್ತದೆ. ವರ್ಷಗಟ್ಟಲೆ ಮಂಡಿ ನೋವಿಗೆ ಹೆದರಿ, ಪಾರ್ಕಿನಲ್ಲಿ ಜನ ನೋಡ್ತಾರೆ ಅಂತ ಮುಜುಗರಪಟ್ಟು ಕೂತವರಿಗೆ, ಕೂತೇ ಅಭ್ಯಾಸವಾಗಿರುತ್ತದೆ. ಅದನ್ನು ಯಾವ ಸರ್ಜನ್ನೂ ಕತ್ತರಿಸಿ ತೆಗೆಯಲಾರರು.

ಇಲ್ಲಿ ತೂಕದ ಮಷೀನು ದಾರಿ ತಪ್ಪಿಸುತ್ತದೆ. ಮೊದಲ ಆರು ತಿಂಗಳು ನಡೆದರೂ ಮುಳ್ಳು ಇಳಿಯುತ್ತದೆ, ನಡೆಯದಿದ್ದರೂ ಇಳಿಯುತ್ತದೆ, ಮತ್ಯಾಕೆ ನಡೆಯಬೇಕು ಅನಿಸುತ್ತದೆ. ಒಂದು ಒಂದೂವರೆ ವರ್ಷಕ್ಕೆ ಮುಳ್ಳು ನಿಂತಲ್ಲೇ ನಿಲ್ಲುತ್ತದೆ, ಆಗ ನಡೆದೂ ಏನು ಉಪಯೋಗ ಅನಿಸುತ್ತದೆ. ಎರಡೂ ಸಲ ಶೂ ಮೂಲೆ ಸೇರುತ್ತದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೈಪಾಸ್ ಅನ್ನುವ, ತೂಕ ಇಳಿಸುವ ಇನ್ನೊಂದು ಬಗೆಯ ಆಪರೇಷನ್ (ಹೃದಯದ ಬೈಪಾಸ್ ಅಲ್ಲ) ಆದವರನ್ನು ಎರಡು ಗುಂಪು ಮಾಡಿ ಒಂದಕ್ಕೆ ಆರು ತಿಂಗಳು ವ್ಯಾಯಾಮ ಮಾಡಿಸಿದರು. ಇಳಿದ ತೂಕ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಇನ್ಸುಲಿನ್ ಕೆಲಸ ಮಾಡುವ ರೀತಿ ಮಾತ್ರ ವ್ಯಾಯಾಮ ಮಾಡಿದವರಲ್ಲಿ ಚೆನ್ನಾಗಿ ಸುಧಾರಿಸಿತ್ತು. ಮಷೀನು ಮಾತ್ರ ನೋಡುತ್ತಾ ಕೂತಿದ್ದರೆ ಈ ಲಾಭ ಕಾಣುತ್ತಲೇ ಇರಲಿಲ್ಲ.

ಹಾಗಾಗಿ ಬೇರೆ ಅಳತೆ ಇಟ್ಟುಕೊಳ್ಳಿ. ಮೂರು ತಿಂಗಳ ಶುಗರ್ ಸರಾಸರಿ, ಉಸಿರು ಕಟ್ಟದೆ ಹತ್ತಿದ ಮಹಡಿ, ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ, ಮೊಮ್ಮಗುವನ್ನು ಎತ್ತಿಕೊಂಡು ನಡೆಯುವ ದೂರ. ನಡೆಯೋಕೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಇಳಿದ ತೂಕವನ್ನು ಉಳಿಸಿಕೊಂಡವರನ್ನು 2019ರಲ್ಲಿ ಅಧ್ಯಯನ ಮಾಡಿದಾಗ, ದಿನಾ ಒಂದೇ ಹೊತ್ತಿಗೆ ವ್ಯಾಯಾಮ ಮಾಡುವವರು ಒಟ್ಟಾರೆ ಜಾಸ್ತಿ ವ್ಯಾಯಾಮ ಮಾಡುತ್ತಿದ್ದರು. ಬೆಳಗಿನ ಕಾಫಿ ಆದ ತಕ್ಷಣ ಅಂದರೆ ತಕ್ಷಣ, ಮೊಬೈಲ್ ಮುಟ್ಟುವ ಮೊದಲೇ. ಹುಮ್ಮಸ್ಸು ಬರಲಿ ಅಂತ ಕಾಯಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕು ಅನ್ನುವಂತಿತ್ತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ. ಮದುವೆ, ಮಳೆ, ಜ್ವರ ಅಂತ ಒಂದು ದಿನ ತಪ್ಪಿದ್ದಕ್ಕೆ ಪೂರ್ತಿ ಕೈಬಿಡುವವರಿಗೆ ಇದನ್ನು ಒತ್ತಿ ಹೇಳಬೇಕು.

ಆಪರೇಷನ್ ತಾರೀಖು ಗೊತ್ತಾದ ದಿನದಿಂದಲೇ ಶುರು ಮಾಡಿದರೆ ಇನ್ನೂ ಒಳ್ಳೆಯದು, ಮನೆಯವರೂ ಜೊತೆಗೆ ಹೊರಟರೆ ಮುಜುಗರ ಅರ್ಧ ಕಡಿಮೆಯಾಗುತ್ತದೆ. ಎದೆ ನೋವು, ಉಬ್ಬಸ ಇದ್ದರೆ ಮೊದಲು ಡಾಕ್ಟರ್‌ಗೆ ಹೇಳಿ. ಆಪರೇಷನ್ ಆದಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಬೇಗನೇ, ಎಷ್ಟೋ ಕಡೆ ಅದೇ ದಿನ, ಎಬ್ಬಿಸಿ ವಾರ್ಡಿನಲ್ಲಿ ನಡೆಸುತ್ತಾರೆ. ಭಾರ ಎತ್ತುವುದಕ್ಕೆ ಕೆಲವು ವಾರ ತಡೆಯಿರಿ, ಸರ್ಜನ್ ಸರಿ ಅಂದಮೇಲೆ ಒಂದು ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಎಷ್ಟೇ ಹುಷಾರಾಗಿದ್ದರೂ ಡಾಕ್ಟರ್ ಕೇಳದೆ ನಿಲ್ಲಿಸಬೇಡಿ.