ಜಮೀನಲ್ಲಿರೋ ಪಾಳು ಗೋಡೆಗೆ ವಯಸ್ಸೆಷ್ಟು?

ಪ್ರಶ್ನೆ: ಹಳ್ಳಿ ಕಡೆ ಒಂದು ಹಳೇ ಜಮೀನು ತಗೊಂಡಿದೀವಿ. ಒಂದು ಮೂಲೇಲಿ ಪಾಳುಬಿದ್ದ ಕಲ್ಲುಗೋಡೆ, ಒಂದು ಬಾಗಿಲ ಜಾಗ, ಪಕ್ಕದಲ್ಲೇ ಹೂತುಹೋದ ಬಾವಿ ಥರ ಏನೋ ಇದೆ. ಕೆಲವರು ಐನೂರು ವರ್ಷದ್ದು ಅಂತಾರೆ, ಕೆಲವರು ಅದೆಲ್ಲ ಏನಿಲ್ಲ, ದನದ ಕೊಟ್ಟಿಗೆ ಅಂತಾರೆ. ಎರಡು ಫೋಟೋ ಕಳಿಸಿದೀನಿ, ಯಾವ ಇಸವಿದು ಅಂತ ಹೇಳೋಕಾಗುತ್ತಾ?

ಉತ್ತರ: ಫೋಟೋ ನೋಡಿ ಇಸವಿ ಹೇಳೋರು ಸಿಗ್ತಾರೆ, ಆದ್ರೆ ಅವರನ್ನ ನಂಬಬೇಡಿ. ಅದೂ ಅಲ್ದೆ ಪಾಳು ಕಟ್ಟಡಕ್ಕೆ ಒಂದೇ ವಯಸ್ಸು ಅಂತ ಇರೋದು ಬಹಳ ಕಮ್ಮಿ. ಯಾರೋ ಕಟ್ಟಿರ್ತಾರೆ, ಅವರ ಮಕ್ಕಳು ಒಂದು ಕೋಣೆ ಸೇರಿಸಿರ್ತಾರೆ, ಇನ್ಯಾರೋ ಬಾಗಿಲು ಮುಚ್ಚಿ ಕಿಟಕಿ ಮಾಡಿರ್ತಾರೆ, ಆಮೇಲೆ ಅರ್ಧ ಬಿದ್ದ ಮೇಲೆ ಮತ್ಯಾರೋ ಅದರಲ್ಲೇ ದನ ಕಟ್ಟಿರ್ತಾರೆ, ಹಾಗಾಗಿ ನಿಮ್ಗೆ ಹೇಳಿದ ಇಬ್ರೂ ಸರಿ ಇರಬಹುದು. ಮೊದ್ಲು ಕೇಳ್ಬೇಕಾಗಿರೋದು ಯಾವುದು ಮೊದಲು ಬಂತು, ಯಾವುದು ಆಮೇಲೆ ಅಂತ. ಇಸವಿ ಆಮೇಲೆ ತಾನಾಗೇ ಹತ್ರ ಬರುತ್ತೆ.

ಇದಕ್ಕೆ ಗೋಡೆ ಹತ್ರ ನಿಂತು ಕಲ್ಲುಗಳ ಜೋಡಣೆ ನೋಡಿ. ಒಂದೇ ಸಲ ಕಟ್ಟಿದ ಗೋಡೇಲಿ ಮೂಲೆಗೆ ಬಂದಾಗ ಒಂದು ಸಾಲಿನ ಕಲ್ಲು ಈ ಕಡೆ ಚಾಚಿದ್ರೆ ಮೇಲಿನ ಸಾಲಿಂದು ಆ ಕಡೆ ಚಾಚಿರುತ್ತೆ, ಎರಡು ಕೈಯ ಬೆರಳು ಹೆಣೆದ ಹಾಗೆ. ಆಮೇಲೆ ಸೇರಿಸಿದ ಗೋಡೆ ಹಾಗೆ ಹೆಣೆದುಕೊಂಡಿರಲ್ಲ, ಸುಮ್ನೆ ಆನಿಸಿಕೊಂಡು ನಿಂತಿರುತ್ತೆ, ಮಧ್ಯೆ ಮೇಲಿಂದ ಕೆಳಗೆ ನೇರವಾಗಿ ಒಂದು ಸೀಳು ಕಾಣ್ಸುತ್ತೆ. ಆ ಸೀಳು ಸಿಕ್ತು ಅಂದ್ರೆ ಅರ್ಧ ಕೆಲಸ ಮುಗೀತು, ಯಾವ ಭಾಗ ಯಾವುದಕ್ಕೆ ಬಂದು ಆನಿಕೊಂಡಿದೆಯೋ ಅದು ಆಮೇಲಿಂದು. ಮುಚ್ಚಿದ ಬಾಗಿಲೂ ಹೀಗೇ, ಎರಡು ಬದಿ ಕಲ್ಲು ಅಂಚು ಕಟ್ಟಿದ ಹಾಗೆ ನೇರವಾಗಿರುತ್ತೆ, ಒಳಗೆ ತುಂಬಿರೋದು ಅಡ್ಡಾದಿಡ್ಡಿ.

ಆಮೇಲೆ ಗಾರೆ. ಒಂದು ಕೀಲಿಕೈ ತಗೊಂಡು ಮೆಲ್ಲಗೆ ಗೀರಿ. ಸುಣ್ಣದ ಗಾರೆ ಪುಡಿಪುಡಿ ಆಗುತ್ತೆ, ಒಳಗೆ ಬಿಳೀ ಸುಣ್ಣದ ಗಂಟುಗಳು, ಕೆಲವು ಸಲ ಭಟ್ಟಿಯಿಂದ ಬಂದ ಇದ್ದಿಲಿನ ಚೂರು ಕಾಣ್ಸುತ್ತೆ. ಸಿಮೆಂಟು ಬೂದುಬಣ್ಣ, ಗಟ್ಟಿ, ಕೀಲಿಕೈಯೇ ಸವೆಯುತ್ತೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ತಗೊಂಡಿದ್ದೇ 1824ರಲ್ಲಿ, ಹಳ್ಳಿಗಳಿಗೆ ಅದು ತಲುಪಿದ್ದು ಇನ್ನೂ ಎಷ್ಟೋ ತಡವಾಗಿ. ಆದ್ರೆ ಹುಷಾರು, ಸಂದಿಗಳಿಗೆ ಮೇಲ್ಮೇಲೆ ಸಿಮೆಂಟು ಬಳಿದಿರೋ ಹಳೇ ಗೋಡೆಗಳು ಬೇಕಾದಷ್ಟಿವೆ, ಹಾಗೇ ಹೊಸ ಗೋಡೆಗೂ ಸುಣ್ಣ ಹಾಕಿರೋರು ಇದ್ದಾರೆ. ಅದಕ್ಕೇ ಬಿದ್ದುಹೋದ ಕಡೆ, ಗೋಡೆಯ ಹೊಟ್ಟೆ ತೆರೆದುಕೊಂಡಿರೋ ಜಾಗದಲ್ಲಿ ನೋಡಿ.

ಮರದ ತುಂಡು ಉಳಿದಿದ್ರೆ ಮೊಳೆ ಗಮನಿಸಿ. ಕೈಯಲ್ಲಿ ಬಡಿದಿದ್ದು ನಾಲ್ಕು ಕಡೆಯಿಂದಲೂ ತುದಿಗೆ ಹೋಗ್ತಾ ಸಣ್ಣಗಾಗುತ್ತೆ, ತಗಡಿನಿಂದ ಮಷಿನ್ ಕತ್ತರಿಸಿದ್ದು ಎರಡೇ ಕಡೆ, ಈಗಿನ ದುಂಡನೆ ತಂತಿ ಮೊಳೆ ಎಲ್ಲಾ ಕಡೆ ಓಡಾಡೋಕೆ ಶುರುವಾಗಿದ್ದು 19ನೇ ಶತಮಾನದ ಕೊನೇಲಿ.

ಇಲ್ಲಿ ನನ್ನದೊಂದು ಪೆದ್ದುತನ ಹೇಳ್ಬೇಕು. ಒಂದು ಗೋಡೇಲಿ ಹೂವಿನ ಕೆತ್ತನೆ ಇರೋ ಕಲ್ಲು ನೋಡಿ, ಗೋಡೆ ಬಹಳ ಹಳೇದು ಅಂತ ಒಂದು ವಾರ ಕುಣಿದಾಡಿದ್ದೆ, ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ಎರಡನೇ ಸಲ ಹೋದಾಗ ಕಂಡಿದ್ದು ಏನಪ್ಪಾ ಅಂದ್ರೆ ಹೂವು ತಲೆಕೆಳಗಾಗಿ ಕೂತಿದೆ. ಅಂದ್ರೆ ಬೇರೆಲ್ಲೋ ಬಿದ್ದ ಕಟ್ಟಡದ ಕಲ್ಲನ್ನ ಹೊತ್ಕೊಂಡು ಬಂದು ಇಲ್ಲಿ ಇಟ್ಟಿದ್ದಾರೆ, ಅದರ ಕೆಳಗೆ ಸಿಮೆಂಟು ಬೇರೆ ಇತ್ತು. ಕಲ್ಲು ಹಳೇದಾಗಿದ್ರೆ ಗೋಡೆಯೂ ಹಳೇದಾಗಿರಬೇಕು ಅಂತೇನಿಲ್ಲ. ನೆಲದ ಕೆಳಗೆ ಸಿಕ್ಕ ನಾಣ್ಯಕ್ಕೂ ಇದೇ ಲೆಕ್ಕ, ನಾಣ್ಯದ ಮೇಲೆ 1862 ಅಂತಿದ್ರೆ ಆ ನೆಲ ಹಾಕಿದ್ದು ಅದಾದ ಮೇಲೆ ಅನ್ನೋದಷ್ಟೇ ಖಾತ್ರಿ, ನೂರು ವರ್ಷ ಆದಮೇಲೂ ಇರಬಹುದು.

ಇನ್ನು ಕಾಗದ ಪತ್ರ. ಎಲ್ಲರೂ ಸೀದಾ ಮುನ್ನೂರು ವರ್ಷ ಹಿಂದಕ್ಕೆ ಹಾರೋಕೆ ನೋಡ್ತಾರೆ, ಅದು ಆಗದ ಕೆಲಸ. ನಿಮ್ಮ ಹೆಸರಿನ ಕ್ರಯಪತ್ರದಿಂದ ಶುರು ಮಾಡಿ, ನಿಮಗೆ ಮಾರಿದವರು ಯಾರಿಂದ ತಗೊಂಡ್ರು, ಅವರು ಯಾರಿಂದ ಅಂತ ಒಂದೊಂದೇ ಮೆಟ್ಟಿಲು ಇಳೀರಿ. ಪ್ರತಿ ಪತ್ರದಲ್ಲೂ ಚಕ್ಕುಬಂದಿ ಮಾತ್ರ ಬಿಡದೆ ಓದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳೇ ಗಾಣದ ಮನೆ ಅಂತ ಒಂದು ಪತ್ರದಲ್ಲಿದ್ದು, ಮುಂದಿನ ಪತ್ರದಲ್ಲಿ ಅದೇ ಜಾಗಕ್ಕೆ ಬರೀ ಖಾಲಿ ಜಾಗ ಅಂತಿದ್ರೆ, ಆ ಎರಡು ತಾರೀಖಿನ ನಡುವೆ ಕಟ್ಟಡ ಬಿದ್ದಿರಬೇಕು ಅಂತ ಅಂದಾಜು ಸಿಗುತ್ತೆ.

ನಕ್ಷೆಗಳನ್ನೂ ಹಾಗೇ ಇವತ್ತಿನದರಿಂದ ಹಿಂದಕ್ಕೆ ನೋಡ್ತಾ ಹೋಗಿ. ಸರ್ಕಾರಗಳು ಕಂದಾಯ ಹಾಕೋಕೆ ಅಂತ ಹೊಲ ಹೊಲ ಅಳೆದು ನಕ್ಷೆ ಮಾಡಿಟ್ಟಿವೆ, ಫ್ರಾನ್ಸಿನಲ್ಲಿ ನೆಪೋಲಿಯನ್ ಕಾಲದಲ್ಲಿ 1807ರಲ್ಲಿ ಶುರುವಾಯ್ತು, ಇಂಗ್ಲೆಂಡಿನಲ್ಲಿ 1836ರ ಕಾನೂನಿನಿಂದ ಟೈದ್ (ಚರ್ಚಿಗೆ ಕೊಡಬೇಕಿದ್ದ ಬೆಳೆಯ ಹತ್ತನೇ ಒಂದು ಪಾಲು) ನಕ್ಷೆಗಳು ಬಂದವು. ಎಲ್ಲಾ ಕಡೆನೂ ಇತಿಹಾಸ ಉಳಿಸಿದ್ದು ತೆರಿಗೆಯೋರೇ ಅನ್ನಿ. ಹಳೇ ನಕ್ಷೆಯನ್ನ ಕ್ಯೂಜಿಐಎಸ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬಹುದು. ಅದರ ಜೊತೆ ಕೊರೋನಾ ಅನ್ನೋ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳಿವೆ (ರೋಗಕ್ಕೂ ಇದಕ್ಕೂ ಸಂಬಂಧ ಇಲ್ಲ), 1960ರಿಂದ 1972ರವರೆಗೆ ತೆಗೆದ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳ ಗುಟ್ಟನ್ನ 1995ರಲ್ಲಿ ತೆಗೆದುಬಿಟ್ರು. ನಿಮ್ಮ ಜಾಗ ಅದರಲ್ಲಿ ಸಿಕ್ಕಿದ್ರೆ ಆಗ ಸೂರು ಇತ್ತಾ, ದಾರಿ ಎಲ್ಲಿಂದ ಬರ್ತಿತ್ತು ಅಂತ ಗೊತ್ತಾಗೋ ಸಾಧ್ಯತೆ ಇದೆ.

ನೆಲಾನೂ ಓದಬಹುದು, ಅದಕ್ಕೆ ಬರಗಾಲ ಒಳ್ಳೇ ಟೈಮು. ಮಣ್ಣಡಿ ಗೋಡೆಯ ಪಾಯ ಇದ್ರೆ ಅದರ ಮೇಲಿನ ಹುಲ್ಲು ಬೇಗ ಒಣಗುತ್ತೆ, ಹಳ್ಳ ಇದ್ದು ಮುಚ್ಚಿಹೋಗಿದ್ರೆ ಅಲ್ಲಿ ತೇವ ಉಳಿದು ಹಸಿರು ಜಾಸ್ತಿ ದಿನ ನಿಲ್ಲುತ್ತೆ. 2018ರ ಜುಲೈಯಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಹತ್ರ ಬಿಸಿಲಿಗೆ ಒಣಗಿದ ಹೊಲದ ಮೇಲೆ ಡ್ರೋನ್ ಹಾರಿಸಿದೋರಿಗೆ ಸಾವಿರಾರು ವರ್ಷ ಹಳೇ ಆವರಣವೊಂದರ ದೊಡ್ಡ ವೃತ್ತದ ಗುರುತೇ ಕಂಡಿತ್ತು. ಡ್ರೋನ್ ಇಲ್ದಿದ್ರೂ ಪರವಾಗಿಲ್ಲ, ಬೆಳಗ್ಗೆ ಇಲ್ಲಾ ಸಂಜೆ ಬಿಸಿಲು ಓರೆಯಾಗಿ ಬೀಳೋ ಹೊತ್ತಲ್ಲಿ ಒಂದು ದಿಬ್ಬದ ಮೇಲೆ ನಿಂತ್ರೆ ಒಂದು ಗೇಣು ಉಬ್ಬು ಕೂಡ ನೆರಳು ಹಾಕುತ್ತೆ.

ಲ್ಯಾಬಿಗೆ ಕೊಡೋದಾ ಅಂತಾನೂ ಕೇಳ್ತಾರೆ. ಕಾರ್ಬನ್ ಟೆಸ್ಟು (ಮರ, ಇದ್ದಿಲಲ್ಲಿ ಉಳಿದಿರೋ ಇಂಗಾಲ-14 ಅಳೆದು ವಯಸ್ಸು ಹೇಳೋದು) 1650ರಿಂದ 1950ರ ನಡುವಿನ ವಸ್ತುಗಳಿಗೆ ತಲೆಕೆಡಿಸೋ ಉತ್ತರ ಕೊಡುತ್ತೆ, ಆ ಕಾಲದಲ್ಲಿ ಗಾಳಿಯಲ್ಲಿನ ಇಂಗಾಲ-14 ಏರಿಳಿದಿರೋದ್ರಿಂದ ಒಂದೇ ಅಳತೆಗೆ ಬೇರೆ ಬೇರೆ ಇಸವಿಗಳು ಹೊಂದ್ತವೆ. ಹಳ್ಳಿಯ ಪಾಳು ಮನೆಗಳಲ್ಲಿ ಎಷ್ಟೋ ಅದೇ ಕಾಲದ್ದು, ದುಡ್ಡು ದಂಡ. ತೊಲೆಯ ಬೆಳವಣಿಗೆ ಉಂಗುರ ಎಣಿಸಿ ಹೋಲಿಸೋದು ಎಷ್ಟೋ ವಾಸಿ, ಆದ್ರೆ ಆ ಪ್ರದೇಶದ ಆ ಜಾತಿ ಮರಕ್ಕೆ ಮೊದಲೇ ಉಂಗುರಗಳ ಪಟ್ಟಿ ತಯಾರಿರಬೇಕು.

ಕೊನೇದಾಗಿ, ಅಗೀಬೇಡಿ. ಬಾವಿ ಒಳಗೆ ಏನಿದೆ ನೋಡೋಣ ಅಂತ ಜೆಸಿಬಿ ತರಿಸಿದ್ರೆ ಯಾವ ಪದರದ ಮೇಲೆ ಯಾವ ಪದರ ಇತ್ತು ಅನ್ನೋದು ಅರ್ಧ ಗಂಟೇಲಿ ಹೋಗಿಬಿಡುತ್ತೆ, ಮತ್ತೆ ಅದನ್ನ ಯಾರೂ ಜೋಡಿಸೋಕಾಗಲ್ಲ. ಸ್ವಂತ ಜಮೀನೇ ಆದ್ರೂ ಸಿಕ್ಕಿದ್ದೆಲ್ಲ ಸ್ವಂತದ್ದಲ್ಲ ಅನ್ನೋ ಕಾನೂನು ಬಹಳ ದೇಶಗಳಲ್ಲಿದೆ, ಭಾರತದಲ್ಲಿ ನಿಧಿ ಬಗ್ಗೆ 1878ರಿಂದಲೇ ಇದೆ, ಇಂಗ್ಲೆಂಡಿನಲ್ಲಿ ನಿಧಿ ಅಂತ ಗೊತ್ತಾದ 14 ದಿನದೊಳಗೆ ತಿಳಿಸ್ಬೇಕು.

ನೀವು ಕಳಿಸಿದ ಎರಡನೇ ಫೋಟೋದಲ್ಲಿ ಬಾಗಿಲಿನ ಎಡಗಡೆ, ಆ ಬಳ್ಳಿ ಹಿಂದೆ, ಮೇಲಿಂದ ಕೆಳಗೆ ಒಂದು ನೇರ ಗೆರೆ ಕಾಣ್ತಿದೆ. ಬಳ್ಳಿ ಕೀಳೋಕೆ ಹೋಗ್ಬೇಡಿ, ಬೇರಿನ ಜೊತೆ ಗಾರೆನೂ ಬರುತ್ತೆ, ಮೆಲ್ಲಗೆ ಸರಿಸಿ ಗೆರೆಯ ಎರಡೂ ಕಡೆ ಕೀಲಿಕೈಯಲ್ಲಿ ಗೀರಿ ನೋಡಿ. ಎರಡೂ ಕಡೆ ಗಾರೆ ಬೇರೆ ಬೇರೆ ಬಂದ್ರೆ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಹತ್ತಿರದಿಂದ ಫೋಟೋ ತೆಗೆದು ಕಳಿಸಿ.