ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಇಳಿದಿದೆ

ರಕ್ತ ಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ಎದುರಿಗೆ 12 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೆ, "ಥೈರಾಯ್ಡ್ ಜಾಸ್ತಿಯಾಗಿದೆ ಡಾಕ್ಟರೇ" ಎನ್ನುತ್ತಲೇ ಒಳಗೆ ಬರುತ್ತಾರೆ. ತೋಟದ ಮಾಲೀಕರಿರಲಿ, ಲೈನ್ ಮನೆಯಿಂದ ಬಂದ ಕೂಲಿ ಹೆಂಗಸಿರಲಿ, ಮಾತು ಇದೇ. ಆಗಿರುವುದು ಇದಕ್ಕೆ ತದ್ವಿರುದ್ಧ. ಅವರ ಥೈರಾಯ್ಡ್ ಗ್ರಂಥಿ ಸೋತಿದೆ. ಜಾಸ್ತಿಯಾಗಿರುವುದಕ್ಕೆ ಮತ್ತೆ ಹಾರ್ಮೋನ್ ಮಾತ್ರೆ ಏಕೆ ಎಂದು ತಾವೇ ತೀರ್ಮಾನಿಸಿ ಮಾತ್ರೆ ಬಿಟ್ಟವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರು ಮತ್ತೆ ಬರುವ ಹೊತ್ತಿಗೆ ಮುಖ ಊದಿಕೊಂಡಿರುತ್ತದೆ, ಸ್ವರ ಗೊಗ್ಗರಾಗಿರುತ್ತದೆ, ನಾಡಿ ನಿಧಾನವಾಗಿರುತ್ತದೆ. ಆದ್ದರಿಂದ ಈ ಒಂದು ಅಂಕಿಯ ಹಿಂದೆ ಏನಿದೆ ಎಂಬುದನ್ನು ಬಿಡಿಸಿ ಹೇಳಲೇಬೇಕು ಅನ್ನಿಸಿದೆ.

ಜೊಲ್ಲಿನ ಗ್ರಂಥಿಯಿಂದ ಬಾಯಿಗೆ ನಾಳವಿದೆ. ಥೈರಾಯ್ಡ್, ಪಿಟ್ಯುಟರಿ, ಅಡ್ರಿನಲ್ ಮುಂತಾದವುಗಳಿಗೆ ಅಂಥ ನಾಳವಿಲ್ಲ, ಅವು ತಮ್ಮ ಹಾರ್ಮೋನನ್ನು, ಅಂದರೆ ಸಂದೇಶ ಒಯ್ಯುವ ರಾಸಾಯನಿಕವನ್ನು, ನೇರವಾಗಿ ರಕ್ತಕ್ಕೆ ಬಿಡುತ್ತವೆ. ದೇಹದ ಅಂಗಗಳು ನರಗಳ ಮೂಲಕ ಮಾತ್ರ ಮಾತನಾಡುತ್ತವೆ ಎಂಬ ನಂಬಿಕೆ 1902ರಲ್ಲಿ ಲಂಡನ್‌ನಲ್ಲಿ ಮುರಿದುಬಿತ್ತು. ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ನಾಯಿಯ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ಅಲ್ಲಿಗೆ ಆಮ್ಲ ತಾಗಿಸಿದರು. ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಸಂದೇಶ ರಕ್ತದಲ್ಲಿ ಹೋಗಿತ್ತು. ರಕ್ತ ಎಲ್ಲ ಕಡೆಗೂ ಹೋಗುತ್ತದೆ ನಿಜ, ಆದರೆ ಆ ಹಾರ್ಮೋನನ್ನು ಹಿಡಿಯುವ ಗ್ರಾಹಕ ಯಾವ ಜೀವಕೋಶದಲ್ಲಿದೆಯೋ ಅದು ಮಾತ್ರ ಓಗೊಡುತ್ತದೆ.

ಥೈರಾಯ್ಡ್ ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಗುಳ್ಳೆಯ ಕೆಳಗಿದೆ. ತೂಕ ಸುಮಾರು 20 ಗ್ರಾಂ. ರಕ್ತದಿಂದ ಅಯೋಡಿನ್ ಹೀರಿ ಅದು ಮುಖ್ಯವಾಗಿ ಟಿ4 ಅಥವಾ ಥೈರಾಕ್ಸಿನ್ ಎಂಬ ಹಾರ್ಮೋನ್ ತಯಾರಿಸುತ್ತದೆ. ಅದರಲ್ಲಿ ಅಯೋಡಿನ್‌ನ ನಾಲ್ಕು ಪರಮಾಣುಗಳಿವೆ. ಯಕೃತ್ತು, ಮೂತ್ರಪಿಂಡ ಮೊದಲಾದ ಅಂಗಗಳು ಅದರಲ್ಲಿ ಒಂದನ್ನು ಕಳಚಿ ಟಿ3 ಮಾಡಿಕೊಳ್ಳುತ್ತವೆ. ನಿಜವಾದ ಕೆಲಸಗಾರ ಈ ಟಿ3. ಜೀವಕೋಶದ ಕೇಂದ್ರಕ್ಕೇ ಹೊಕ್ಕು ಯಾವ ಜೀನ್ ಚುರುಕಾಗಬೇಕು, ಯಾವುದು ತಣ್ಣಗಿರಬೇಕು ಎಂದು ನಿರ್ಧರಿಸುತ್ತದೆ. ಅಡ್ರಿನಲಿನ್ ಕೆಲಸ ಕ್ಷಣಗಳದ್ದು, ಇದರದು ವಾರಗಳದ್ದು. ಹಾಗಾಗಿಯೇ ಕೊರತೆಯೂ ಸದ್ದಿಲ್ಲದೆ ಬರುತ್ತದೆ: ಸುಸ್ತು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಹೆಚ್ಚು ಮುಟ್ಟಿನ ಸ್ರಾವ, ಚಳಿ ತಡೆಯಲಾಗದಿರುವುದು. ಈ ಕೊನೆಯ ಲಕ್ಷಣ ನಮ್ಮಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಚಳಿಯಾಗದವರು ಯಾರು? ನಾನು ಬೇರೆ ರೀತಿ ಕೇಳುತ್ತೇನೆ: ಮನೆಯವರೆಲ್ಲ ಒಂದು ಕಂಬಳಿ ಹೊದ್ದು ಮಲಗಿದಾಗ ನಿಮಗೊಬ್ಬರಿಗೇ ಎರಡು ಬೇಕಾಗುತ್ತದೆಯೇ?

ಈಗ ಟಿಎಸ್‌ಎಚ್‌ಗೆ ಬರೋಣ. ಇದು ಥೈರಾಯ್ಡಿನದಲ್ಲ, ಮಿದುಳಿನ ಬುಡದಲ್ಲಿ ಬಟಾಣಿ ಗಾತ್ರದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್. ಕಾಫಿ ತೋಟದ ವ್ಯವಸ್ಥೆಯನ್ನು ನೆನೆಸಿಕೊಳ್ಳಿ. ಮಾಲೀಕರು ರೈಟರಿಗೆ ಹೇಳುತ್ತಾರೆ, ರೈಟರು ಆಳುಗಳಿಂದ ಕೆಲಸ ಮಾಡಿಸುತ್ತಾರೆ. ಮಿದುಳಿನ ಹೈಪೋಥಲಾಮಸ್ ಮಾಲೀಕ, ಪಿಟ್ಯುಟರಿ ರೈಟರು, ಥೈರಾಯ್ಡ್ ಆಳು. ಟಿಎಸ್‌ಎಚ್ ಎಂದರೆ ರೈಟರ ದನಿ. ಕೆಲಸ ಸಾಗುತ್ತಿದ್ದರೆ ದನಿ ಏರುವುದಿಲ್ಲ. ಹಣ್ಣು ಕೊಯ್ಲು ಹಿಂದೆ ಬಿದ್ದರೆ ಏರುತ್ತದೆ. ಟಿಎಸ್‌ಎಚ್ 12 ಆಗಿದೆ ಎಂದರೆ ಆಳಿನ ಕೈ ಸೋತಿದೆ, ರೈಟರು ಕೂಗುತ್ತಿದ್ದಾರೆ ಎಂದರ್ಥ. ಥೈರಾಯ್ಡ್ ಅತಿಯಾಗಿ ದುಡಿಯುವ ಕಾಯಿಲೆಯಲ್ಲಿ ಟಿಎಸ್‌ಎಚ್ ಸೊನ್ನೆಯ ಹತ್ತಿರಕ್ಕೆ ಇಳಿದಿರುತ್ತದೆ.

ಮಾತ್ರೆ ಎಂದರೆ ಹೊರಗಿನಿಂದ ಕರೆಸಿದ ಆಳು. ಅವರು ಬಂದು ಕೆಲಸ ಹಿಡಿದಾಗ ರೈಟರು ಸುಮ್ಮನಾಗುತ್ತಾರೆ, ವರದಿ ನಾರ್ಮಲ್ ಬರುತ್ತದೆ. ಸೋತ ಆಳು ಚೇತರಿಸಿಕೊಂಡರೆಂದು ಅದರಿಂದ ಹೇಳಲಾಗದು. ವರದಿ ನಾರ್ಮಲ್ ಬಂದಿರುವುದು ಮಾತ್ರೆಯಿಂದ. ಮಾತ್ರೆಯಲ್ಲಿರುವುದು ಇದೇ ಟಿ4, ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು ಏಳು ದಿನ. ಮಾತ್ರೆ ಬಿಟ್ಟ ಮರುದಿನ ಏನೂ ಗೊತ್ತಾಗದಿರುವುದಕ್ಕೂ, ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಟಿಎಸ್‌ಎಚ್ ನೋಡಿ ಎಂದು ನಾವು ಹೇಳುವುದಕ್ಕೂ ಇದೇ ಕಾರಣ. ಹತ್ತೇ ದಿನಕ್ಕೆ ಮಾಡಿಸಿದ ಪರೀಕ್ಷೆ ದುಡ್ಡು ದಂಡ.

ರೈಟರೇ ಕಾಯಿಲೆ ಬಿದ್ದರೆ ಅವರ ಮೌನಕ್ಕೆ ಅರ್ಥವಿಲ್ಲ ಎಂಬುದೂ ನೆನಪಿರಬೇಕು. ಹೆರಿಗೆಯಲ್ಲಿ ಬಹಳ ರಕ್ತ ಹೋದ ತಾಯಂದಿರಲ್ಲಿ ಕೆಲವೊಮ್ಮೆ ಪಿಟ್ಯುಟರಿಯೇ ಹಾಳಾಗುತ್ತದೆ. ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತೇವೆ. ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಸುಸ್ತು ಬಿಡುವುದಿಲ್ಲ, ಆದರೂ ಟಿಎಸ್‌ಎಚ್ ನಾರ್ಮಲ್ ಎಂದು ವರದಿ ಬರಬಹುದು. ಅಲ್ಲಿ ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಟಿ4, ನೋಡಲೇಬೇಕು. ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್ ಕೂಡ ನೋಡಬೇಕು. ಅದರ ಕೊರತೆ ಸರಿಪಡಿಸದೆ ಥೈರಾಕ್ಸಿನ್ ಕೊಟ್ಟರೆ ಜೀವಕ್ಕೇ ಅಪಾಯ.

ಮಾತ್ರೆ ತಪ್ಪದೆ ನುಂಗಿಯೂ ಟಿಎಸ್‌ಎಚ್ ಇಳಿಯದವರಿಗೆ ಕೊಡಗಿನಲ್ಲಿ ನಾನು ಮೊದಲು ಕೇಳುವುದು ಕಾಫಿಯ ಬಗ್ಗೆ. ಎದ್ದೊಡನೆ ಮಾತ್ರೆ, ಅದರ ಹಿಂದೆಯೇ ಬೆಲ್ಲದ ಕಾಫಿ. ಕಾಫಿ ಜೊತೆಗೆ ಸೇರಿದರೆ ಕರುಳು ಥೈರಾಕ್ಸಿನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಡೋಸ್ ಹೆಚ್ಚಿಸುವ ಬದಲು ಕಾಫಿಯನ್ನು ಒಂದು ಗಂಟೆ ಮುಂದೂಡಿಸಿದರೆ ಎಷ್ಟೋ ಮಂದಿಗೆ ಸಾಕಾಗುತ್ತದೆ. ಕೊಯ್ಲಿನ ಕಾಲದಲ್ಲಿ ನಸುಕಿಗೇ ತೋಟಕ್ಕೆ ಹೊರಡುವವರಿಗೆ ಒಂದು ಗಂಟೆ ಕಾಯಿರಿ ಎನ್ನುವುದು ನ್ಯಾಯವಲ್ಲ. ಅಂಥವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ, ಮಲಗುವ ಮುಂಚೆ ನುಂಗಬಹುದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು.

ಅಯೋಡಿನ್ ಮಾತು ಬೇರೆ. ಭಾರಿ ಮಳೆ ಬೀಳುವ ಬೆಟ್ಟದ ಮಣ್ಣಿನಿಂದ ಅದು ಕೊಚ್ಚಿ ಹೋಗುತ್ತದೆ, ಹಾಗಾಗಿ ಅಲ್ಲಿ ಬೆಳೆದದ್ದರಲ್ಲೂ ಕಡಿಮೆ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು, ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಊದುವ ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಆದರೆ ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಉಪ್ಪು ನೀರೊಡೆಯುತ್ತದೆ, ಆ ನೀರಿನೊಂದಿಗೆ ಅಯೋಡಿನ್ ಕೂಡ ಇಳಿದುಹೋಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒಲೆಯ ಬಿಸಿಯಿಂದ ದೂರ ಇಡಿ.

ಅದೇ ಮಳೆಗಾಲದ ಕಣಿಲೆಯ ಬಗ್ಗೆಯೂ ಕೇಳುತ್ತಾರೆ. ಹಸಿ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ದೇಹ ಅದನ್ನು ಥಯೋಸಯನೇಟ್ ಆಗಿ ಬದಲಿಸುತ್ತದೆ, ಅದು ಥೈರಾಯ್ಡಿಗೆ ಅಯೋಡಿನ್ ಹೋಗದಂತೆ ತಡೆಯುತ್ತದೆ. ಹೆಚ್ಚಿ, ದಿನಗಟ್ಟಲೆ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ಆ ನೀರು ಚೆಲ್ಲುವ ನಮ್ಮ ಹಿರಿಯರ ಕ್ರಮ ಈ ಅಂಶವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಅವಸರದಲ್ಲಿ ಆ ನೆನೆಸುವಿಕೆಯನ್ನು ಬಿಡಬೇಡಿ. ಬೈಂಬಳೆ ಕರಿಯನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ.

ಉಪ್ಪು ಸರಿಯಿದ್ದೂ ಥೈರಾಯ್ಡ್ ಸೋಲುವುದಕ್ಕೆ ಇಂದು ಮುಖ್ಯ ಕಾರಣ, 1912ರಲ್ಲಿ ಜಪಾನಿನ ಹಾಶಿಮೊಟೊ ವಿವರಿಸಿದ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುತ್ತದೆ. ಉಪ್ಪು ಹೆಚ್ಚು ತಿಂದರೆ ಇದು ವಾಸಿಯಾಗದು.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ನಾನು ಕಾಯಲು ಒಪ್ಪುವುದಿಲ್ಲ. ಮೊದಲ ಮೂರು ತಿಂಗಳು ಮಗುವಿನ ಮಿದುಳು ಬೆಳೆಯುವುದು ತಾಯಿಯ ಟಿ4ರಿಂದಲೇ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಗರ್ಭ ನಿಂತ ಕೂಡಲೇ ಸಾಮಾನ್ಯವಾಗಿ ಕಾಲು ಭಾಗದಷ್ಟಾದರೂ ಹೆಚ್ಚು ಡೋಸ್ ಬೇಕಾಗುತ್ತದೆ. ಮುಟ್ಟು ತಪ್ಪಿದ ವಾರದಲ್ಲೇ ಬನ್ನಿ, ಸೀಮಂತದವರೆಗೆ ತಡಮಾಡಬೇಡಿ. ಹುಟ್ಟಿದ ಮಗುವಿಗೂ 48ರಿಂದ 72 ಗಂಟೆಯೊಳಗೆ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡಬೇಕು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗು ಮೊದಲ ವಾರಗಳಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಸಾಮಾನ್ಯವಾಗಿ ಉಳಿದ ಮಕ್ಕಳಂತೆಯೇ ಓದಿ ಬೆಳೆಯುತ್ತದೆ, ತಡವಾದರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಮಳೆಯಲ್ಲಿ ಮತ್ತೆ ಪೇಟೆಗೆ ಬರುವುದು ಕಷ್ಟ ಎನ್ನುವ ಊರಿನವರು, ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಈ ಪರೀಕ್ಷೆ ಆಯಿತೇ ಎಂದು ಬಾಯಿಬಿಟ್ಟು ಕೇಳಿ.